ರೋಸಾಳ ಹಡಗು, ನನ್ನ ಬಸ್ಸು

ಒಣಸಿಗಡಿ ಚಟ್ನಿ ಅರೆಯುವ ಕಲ್ಲಿನ ಗಡಗಡ ಸದ್ದು. ಊರು ಬಿಟ್ಟ ದಿನ ಎಂದರೆ ನನ್ನ ಕಿವಿಗೆ ಮೊದಲು ಬರುವುದು ಅದೇ. ಬೇರೆಯವರಿಗೆ ತಾಯಿಯ ಬಿಕ್ಕು ಕೇಳಿಸುತ್ತದಂತೆ. ನಮ್ಮ ಮಮ್ಮಿ ಬಿಕ್ಕಲಿಲ್ಲ, ಬೆಳಗಿನಿಂದ ಅರೆದರು. ಬಹರೈನಿನಲ್ಲಿ ಮೀನು ಸಿಗುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ! ಸುತ್ತಲೂ ಸಮುದ್ರವಿರುವ ದ್ವೀಪಕ್ಕೆ ಮಂಗಳೂರಿನಿಂದ ಒಣಮೀನು ಹೊತ್ತುಕೊಂಡು ಬಂದವಳು ನಾನು. ಒಂದು ವಿಷಯ ಮೊದಲೇ ಕನ್ಫೆಸ್ ಮಾಡಿಬಿಡುತ್ತೇನೆ: ಹೊರಡುವಾಗ ನಾನು ಅಳಲಿಲ್ಲ. ಇಪ್ಪತ್ತಮೂರು ವರ್ಷ, ಕೈಯಲ್ಲಿ ಟೈಪಿಸ್ಟ್ ಕೆಲಸದ ಕಾಗದ, ಕಾಲಲ್ಲಿ ಹೊಸ ಹೀಲ್ಸ್. ಖುಷಿಯಿಂದಲೇ ಬಂದೆ. 'ಅಯ್ಯೋ ಪಾಪ' ಎನ್ನಿಸಿಕೊಳ್ಳುವ ಆಸೆ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಈ ಅಳದಿರುವುದೇ ಮೊನ್ನೆ ದೊಡ್ಡ ಪ್ರಾಬ್ಲೆಮ್ ಆಗಿ ಕೂತಿತು. ನಮ್ಮ ಚರ್ಚಿನಲ್ಲಿ ವಲಸೆ ಬಂದವರಿಗಾಗಿ ಒಂದು ಕಾರ್ಯಕ್ರಮ, ಅದರಲ್ಲಿ ಒಬ್ಬರಿಗೆ ಮಾತ್ರ ಹತ್ತು ನಿಮಿಷದ ಭಾಷಣ. ನಲವತ್ತು ವರ್ಷಕ್ಕೂ ಮೇಲೆ ಈ ಚರ್ಚಿಗೆ ಕಟ್ಲೆಟ್ ಕರಿದುಕೊಟ್ಟಿದ್ದೇನೆ, ಮೈಕು ಒಮ್ಮೆಯೂ ಕೈಗೆ ಬಂದಿರಲಿಲ್ಲ. ಈ ಸಲ ನನಗೇ ಎಂದುಕೊಂಡಿದ್ದೆ. ಅಷ್ಟರಲ್ಲಿ ರೋಸಾ ಎದ್ದು ನಿಂತಳು. ಹುಟ್ಟಿದ್ದು ಇಟಲಿಯಲ್ಲಿ, ಒಂಬತ್ತನೇ ವಯಸ್ಸಿಗೆ ತಾಯಿಯ ಜೊತೆ ಅಮೆರಿಕಕ್ಕೆ ಹೋದವಳು. ಈಗ ಮಗಳ ಕೆಲಸದ ದೆಸೆಯಿಂದ ಇಲ್ಲೇ ಬಹರೈನಿನ ರಿಫಾದಲ್ಲಿ, ವಿಲ್ಲಾದಲ್ಲಿ. ನಾನು ಸೆಗಯಾದಲ್ಲಿ, ಮಗನ ಫ್ಲ್ಯಾಟಿನಲ್ಲಿ, ಮನಸ್ಸು ಬಂದರೆ ಮಾತ್ರ ಮೇಲೇರುವ ಲಿಫ್ಟಿನ ಕೃಪೆಯಲ್ಲಿ. ಕಾರ್ಯಕ್ರಮ ನಡೆಸುವ ಪ್ರಿಸಿಲ್ಲಾ ಉಪಾಯವಾಗಿ ಜಾರಿಕೊಂಡಳು: "ಆಂಟಿ, ಯಾರದ್ದು ಹೆಚ್ಚು ಟಚಿಂಗ್ ಉಂಟು ಅಂತ ನೀವಿಬ್ಬರೇ ಡಿಸೈಡ್ ಮಾಡಿ."

ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಅದು ಮುಗಿದ ಮೇಲೆ ಚಹಾ ಹಿಡಿದುಕೊಂಡು ನಾವಿಬ್ಬರೂ ಎದುರುಬದುರು ಕೂತೆವು. ಅವಳ ಇಂಗ್ಲಿಷು ಅಮೆರಿಕದ್ದು, ನನ್ನದು ಕಾನ್ವೆಂಟಿನದ್ದು, ಜಗಳಕ್ಕೆ ಎರಡೂ ಸಾಕಾಗುತ್ತವೆ.

"ಹನ್ನೆರಡು ದಿನ ಹಡಗು. ಹನ್ನೆರಡು ದಿನವೂ ವಾಂತಿ," ಎಂದಳು ರೋಸಾ.

"ನನಗೆ ಬೊಂಬಾಯಿವರೆಗೆ ಬಸ್ಸು. ತಿರುವು ತಿರುವಿಗೂ ವಾಂತಿ," ಎಂದೆ.

"ಸ್ಕೂಲಿನಲ್ಲಿ ನನ್ನ ಬೆಳ್ಳುಳ್ಳಿ ವಾಸನೆಗೆ ಮಕ್ಕಳು ಮೂಗು ಮುಚ್ಚುತ್ತಿದ್ದರು."

"ಇಲ್ಲಿ ಕಸ್ಟಮ್ಸಿನವನು ನನ್ನ ಪೆಟ್ಟಿಗೆ ತೆರೆದು ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ವಾಟ್ ಈಸ್ ದಿಸ್ ಅಂದ. ಫಿಶ್ ಸರ್, ವೆರಿ ಡೆಡ್ ಫಿಶ್ ಅಂದೆ."

ರೋಸಾ ಚಹಾ ಚೆಲ್ಲುವಷ್ಟು ನಕ್ಕಳು. ಆಮೇಲೆ ಕಣ್ಣು ಕಿರಿದು ಮಾಡಿ, "ಆದರೆ ಅತ್ತಿರಿ ತಾನೇ?"

"ಇಲ್ಲ."

"ಸ್ವಲ್ಪವೂ?"

"ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು: ಯಂಗ್ ಲೇಡೀಸ್, ಕಣ್ಣೀರು ಬಾತ್‌ರೂಮಿನಲ್ಲಿ."

"ಹಾಗಾದರೆ ಮೈಕು ಮರೆತುಬಿಡಿ, ಡಿಯರ್. ಜನಕ್ಕೆ ಕರ್ಚೀಫು ತೆಗೆಯಬೇಕು."

ಮನೆಗೆ ಬಂದವಳು ಸುಳ್ಳು ಹೇಳುವುದಿಲ್ಲವೆಂದು ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ನನ್ನ ಏಪ್ರಿಲ್ ತಿಂಗಳ ಪ್ರಯಾಣಕ್ಕೆ ಒಂದಿಷ್ಟು ಮಳೆ ಸೇರಿಸಿದೆ, ಬಾಗಿಲ ಹತ್ತಿರ ಮಮ್ಮಿಯನ್ನು ಮೂರ್ಛೆ ಬೀಳಿಸಿದೆ. ಕನ್ನಡಿಯ ಮುಂದೆ ಗದ್ಗದವಾಗಲು ನೋಡುತ್ತಿದ್ದಾಗ ಮೊಮ್ಮಗಳು ಇಣುಕಿ, "ಗ್ರ್ಯಾನಿ, ಹಲ್ಲುನೋವಾ?" ಎಂದಳು. ನನಗೇ ನಾಚಿಕೆಯಾಯಿತು. ಕನ್ನಡಿಯಲ್ಲಿದ್ದ ಆ ಪಾಪದ ಮುದುಕಿ ನಾನಲ್ಲ. ಬಿಟ್ಟುಬಿಟ್ಟೆ.

ಮುಂದಿನ ಶುಕ್ರವಾರ ರೋಸಾ ತನ್ನ ಕೊನೆಯ ಬಾಣ ಬಿಟ್ಟಳು. ಹಡಗು ಹತ್ತಿದವರು ಕೈಯಲ್ಲಿ ಉಲ್ಲನ್ ಉಂಡೆ ಹಿಡಿಯುತ್ತಿದ್ದರಂತೆ, ನೂಲಿನ ತುದಿ ದಡದಲ್ಲಿ ನಿಂತವರ ಕೈಯಲ್ಲಿ. ಹಡಗು ದೂರವಾದ ಹಾಗೆ ಉಂಡೆ ಬಿಚ್ಚುತ್ತ ಹೋಗಿ, ಮುಗಿದು, ನೂಲು ಗಾಳಿಯಲ್ಲಿ ತೇಲಿತು. ಅವಳ ಅಜ್ಜಿ ಕೈ ಇಳಿಸಲೇ ಇಲ್ಲ. "ಆಮೇಲೆ ಅವಳನ್ನು ನೋಡಲಿಲ್ಲ," ಎಂದಳು. ಈ ಸಲ ಅವಳ ದನಿಯಲ್ಲಿ ಸ್ಪರ್ಧೆ ಇರಲಿಲ್ಲ. "ನೀವು ಕೊನೆಗೆ ನೋಡಿದ್ದು ಯಾರನ್ನು?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಹೇಳಿದೆ. ರೋಸಾ ಕನ್ನಡಕ ತೆಗೆದು ಒರೆಸಿಕೊಂಡು, "ಮೈಕು ನಿಮ್ಮದು," ಎಂದಳು.

"ಇದನ್ನು ಮೈಕಿನಲ್ಲಿ ಹೇಳುವುದಿಲ್ಲ," ಎಂದೆ.

ಹೇಳಲಿಲ್ಲ ಕೂಡ. ಡೆಡ್ ಫಿಶ್ ಹೇಳಿದೆ, ಹಾಲ್ ಇಡೀ ನಕ್ಕಿತು. "ನನ್ನನ್ನು ಯಾರೂ ಅಟ್ಟಲಿಲ್ಲ, ನಾನೇ ಬಂದೆ, ಬಂದದ್ದಕ್ಕೆ ಬೇಜಾರಿಲ್ಲ," ಎಂದು ಮುಗಿಸಿದೆ. ಒಂದೇ ಒಂದು ಕರ್ಚೀಫು ಹೊರಬರಲಿಲ್ಲ. ಪ್ರಿಸಿಲ್ಲಾಳ ಮುಖ ಸಣ್ಣದಾಯಿತು. ಆಗಲಿ.

ಮುನ್ನೂರು ಜನರಿಗೆ ಹೇಳದ್ದನ್ನು ನಿಮಗೆ ಹೇಳಿಬಿಡುತ್ತೇನೆ, ಗುಟ್ಟು ಇಟ್ಟುಕೊಳ್ಳುವುದರಲ್ಲಿ ನಾನು ಇಷ್ಟೇ. ಮನೆ ಬಿಡುವಾಗ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ನಮ್ಮವರ ಪದ್ಧತಿ. ಮಮ್ಮಿಯದ್ದು ಮನೆಯಲ್ಲೇ ಆಗಿತ್ತು. ಪಪ್ಪ ಪೆಟ್ಟಿಗೆಯ ಜೊತೆ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ನಾನು ತಲುಪಿದಾಗ ಅವರು ಬಸ್ಸಿನ ಹಿಂದಿನ ಏಣಿಯ ಮೇಲೆ ನಿಂತು ಕಂಡಕ್ಟರನ ಜೊತೆ ಜಗಳಕ್ಕೆ ಬಿದ್ದಿದ್ದರು. "ಎಂತ ಮಾರಾಯ, ದಿಸ್ ಸೈಡ್ ಅಪ್ ಅಂತ ಬರೆದದ್ದು ಕಾಣುದಿಲ್ವಾ? ಉಪ್ಪಿನಕಾಯಿ ಉಂಟು ಅದರಲ್ಲಿ!" "ಟೈಮಾಯ್ತು ಪೊರ್ಬುಲೇ, ಇಳೀರಿ!" ಎಂದು ಅವನು, ನಮ್ಮ ಕ್ರಿಶ್ಚಿಯನ್ನರನ್ನು ಊರವರು ಕರೆಯುವ ಹಾಗೆ. ನಾನು ಕಿಟಕಿಯ ಪಕ್ಕ ಕೂತೆ, ಇಳಿದು ಬರುತ್ತಾರೆ, ಕೇಳೋಣ ಎಂದುಕೊಂಡು. ಪಪ್ಪ ಇಳಿದರು, ಬಸ್ಸೂ ಹೊರಟಿತು. ಧೂಳಿನ ನಡುವೆ, ಅಂಗಿಯ ಒಂದು ತುದಿ ಹೊರಗೆ, ಬಲಗೈ ಮೇಲೆತ್ತಿ ಏನೋ ಕೂಗುತ್ತಿದ್ದರು. ನನ್ನ ಮೊದಲ ರಜೆಗೆ ಮುಂಚೆಯೇ ಪಪ್ಪ ಹೋದರೆಂದು ಟೆಲಿಗ್ರಾಂ ಬಂತು. ಆ ಕೈ ಎತ್ತಿದ್ದು ಕಂಡಕ್ಟರನಿಗೆ ಬೈಯಲಿಕ್ಕೆ ಎಂದು ನೀವು ಹೇಳಬಹುದು. ಅಲ್ಲ, ಅದು ನನ್ನ ಬೆಸಾಂವ್. ಆಶೀರ್ವಾದದ ಕೈ ಅಷ್ಟು ಸಿಟ್ಟಿನಲ್ಲಿ ಅಲ್ಲಾಡುವುದಿಲ್ಲ ಎನ್ನುವವರು ನಮ್ಮ ಪಪ್ಪನನ್ನು ನೋಡಿದವರಲ್ಲ.