ಮಲಗಿದೆಯಾ ಅಂತ ಒಮ್ಮೆ ನೋಡಿ

ಮಗುವಿಗೆ ಹಲ್ಲು ಬರತೊಡಗಿ ಹನ್ನೊಂದು ದಿನವಾಗಿತ್ತು. ಹಲ್ಲು ಮಾತ್ರ ಇನ್ನೂ ಬಂದಿರಲಿಲ್ಲ, ಅಪ್ಪನ ನಿದ್ದೆ ಹೋಗಿತ್ತು. ಆಫೀಸಿನಲ್ಲಿ ಅವನಿಗೆ ತೂಕಡಿಕೆ ಸಾಹೇಬ ಎಂಬ ಹೆಸರು ಬಿದ್ದದ್ದೂ ಆಗಲೇ. ಮೀಟಿಂಗಿನಲ್ಲಿ ಅವನು ತೂಗಿದ ತಲೆಯನ್ನು ಒಪ್ಪಿಗೆ ಎಂದುಕೊಂಡು ಮ್ಯಾನೇಜರು ಮೂರು ಕೆಲಸ ಹೆಚ್ಚಿಗೆ ಹಚ್ಚಿದ್ದರು.

ಅಂಥವನ ಪಾಲಿಗೆ ಬಂದ ಕೆಲಸ ನೋಡಿ: ಒಂದು ಎಲೆಕ್ಟ್ರಾನಿಕ್ ಚಿಪ್ಪನ್ನು ಮಲಗಿಸುವುದು. ಔಷಧಿ ಸಾಗಿಸುವ ತಣ್ಣನೆಯ ಪೆಟ್ಟಿಗೆಯೊಳಗೆ ಶಾಖ, ತೇವ ಅಳೆಯುವ ನಾಲ್ಕೈದು ಸೆನ್ಸರುಗಳಿರುತ್ತವೆ. ಅವುಗಳಿಗೂ ಪೆಟ್ಟಿಗೆಯ ಮಿದುಳಿಗೂ ನಡುವಿನ ತಂತಿದಾರಿಯನ್ನು ಕಾಯುವುದು ಈ ಚಿಪ್ಪು. ಸುದ್ದಿ ಬಂದರೆ ಏಳಬೇಕು, ಹೆಚ್ಚು ಬಂದರೆ ಓಡಬೇಕು, ಕಡಿಮೆಯಿದ್ದರೆ ನಡೆಯಬೇಕು, ಏನೂ ಇಲ್ಲದಿದ್ದರೆ ಮಲಗಬೇಕು. ಅದನ್ನು ಎಬ್ಬಿಸಿ, ಓಡಿಸಿ, ಮಲಗಿಸುವ ಡ್ರೈವರ್ ಎಂಬ ಪ್ರೋಗ್ರಾಮು ಸಾಹೇಬನದು. ಆದರೆ ಚಿಪ್ಪು ಮಲಗುತ್ತಿರಲಿಲ್ಲ. ಬ್ಯಾಟರಿ ತೆರೆದಿಟ್ಟ ನಲ್ಲಿಯ ಹಾಗೆ ಖಾಲಿಯಾಗುತ್ತಿತ್ತು.

"ಸಂಜೆ ಐದಕ್ಕೆ ಗಿರಾಕಿಗಳು ಬರ್ತಾರೆ ಕಣ್ರೀ," ಎಂದರು ಮ್ಯಾನೇಜರು ಬೆಳಿಗ್ಗೆಯೇ. "ಅಷ್ಟರೊಳಗೆ ಇದನ್ನ ಮಲಗಿಸಿ ತೋರಿಸಿ. ಮಲಗ್ತೋ, ನಿಮಗೂ ನಾಲ್ಕು ದಿನ ರಜ. ಹೋಗಿ ಹೊದ್ಕೊಂಡು ಮಲಗಿ. ಇಲ್ದಿದ್ರೆ ರಜದ ಮಾತೇ ಬೇಡ."

ನಾಲ್ಕು ದಿನ ರಜ ಎಂದರೆ ಸಾಹೇಬನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅತ್ತೆ ಬಂದಿದ್ದರು, ಸಂಜೆಯ ರೈಲಿಗೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೊರಡುವವರಿದ್ದರು. ಖಾಲಿ ಮನೆ, ಖಾಲಿ ಮಂಚ.

ಹತ್ತೂವರೆಗೆ ಪರೀಕ್ಷೆ ಮೇಡಂ ಪಕ್ಕದ ಮೇಜಿನಿಂದ ಕೂಗಿದರು. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ, ಅದರಲ್ಲಿ ಅವರಿಗೆ ಸಂತೋಷವೂ ಇತ್ತು. "ಸಾಹೇಬ್ರೇ, ನಿಮ್ಮ ಕೂಸು ಇನ್ನೂ ಎಚ್ಚರವಾಗೇ ಇದೆ."

"ಈಗ ಮಲಗುತ್ತೆ ಮೇಡಂ."

"ಈಗಲೂ ಎಚ್ಚರ. ಈಗಲೂ."

ಅಷ್ಟರಲ್ಲಿ ಬೋರ್ಡ್ ಮೇಷ್ಟ್ರು ಬಂದರು. ಹಲಗೆಯ ಮೇಲೆ ಚಿಪ್ಪುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ನಿರ್ಧರಿಸುವ ಹಿರಿಯರು, ಕೇಳದಿದ್ದರೂ ಪಾಠ ಹೇಳುವವರು. "ವೇಗ ಏರಿಸಯ್ಯ. ಬೇಗ ಕೆಲಸ ಮುಗಿಸಿದ್ರೆ ಬೇಗ ಮಲಗುತ್ತೆ. ಇಷ್ಟೂ ತಿಳಿಯಲ್ವಾ?"

ವೇಗ ಏರಿಸಿದ. ಬ್ಯಾಟರಿ ಇನ್ನೂ ಬೇಗ ಇಳಿಯಿತು. "ಹಾಗಾದ್ರೆ ಇಳಿಸು," ಎಂದರು ಮೇಷ್ಟ್ರು, ಮೊದಲಿನಿಂದಲೂ ಅದನ್ನೇ ಹೇಳಿದವರಂತೆ. ಇಳಿಸಿದ. ಸೆನ್ಸರಿನ ಸುದ್ದಿ ತಡವಾಗಿ ಬಂದು ಪೆಟ್ಟಿಗೆ ಕಿರುಚಿಕೊಂಡಿತು. ಮ್ಯಾನೇಜರು ತಮ್ಮ ಕೋಣೆಯಿಂದಲೇ ಕೇಳಿದರು, "ಮಲಗ್ತಾ?" ಆಮೇಲೆ ಐದೈದು ನಿಮಿಷಕ್ಕೂ ಅದೇ ಪ್ರಶ್ನೆ. ಸಾಹೇಬ ಕೂರಲಾರದೆ ನಿಂತ, ನಿಲ್ಲಲಾರದೆ ನಡೆದ. ಬಿಸಿ ಚಹಾ ಗಂಟಲಿಗೆ ಸುರಿದುಕೊಂಡು ನಾಲಗೆ ಸುಟ್ಟುಕೊಂಡ. ಮಧ್ಯಾಹ್ನ ಒಂದಕ್ಕೆ ಲೆಕ್ಕ ತೆಗೆದು ನೋಡಿದರೆ, ಬೆಳಗಿನಿಂದ ಚಿಪ್ಪು ಮಲಗಿದ ಒಟ್ಟು ಸಮಯ ಸೊನ್ನೆ. ಅದರ ಮೇಲೆ ಅವನಿಗೆ ಮೊದಲ ಸಲ ಕನಿಕರ ಹುಟ್ಟಿತು.

ಆಗ ಹೆಂಡತಿಯ ಫೋನ್ ಬಂತು. ಹಿಂದೆ ಮಗುವಿನ ಅಳು.

"ರೀ, ನಾಲ್ಕರ ರೈಲಿಗೆ ಹೊರಡ್ತೀವಿ. ತಲುಪಿದ ಕೂಡ್ಲೇ ಫೋನ್ ಮಾಡ್ತೀನಿ, ಆಫ್ ಮಾಡಿ ಇಡಬೇಡಿ."

"ಆಯ್ತು. ಅವಳು ಯಾಕೆ ಅಳ್ತಿದಾಳೆ?"

"ಚೆನ್ನಾಗಿ ಮಲಗಿದ್ಲು. ಅಮ್ಮ ಹೋಗಿ, ಮಲಗಿದಾಳಾ ಅಂತ ಕೆನ್ನೆ ಮುಟ್ಟಿ ನೋಡಿದ್ರು, ಎದ್ಲು. ಬೆಳಗಿಂದ ಇದು ನಾಲ್ಕನೇ ಸಲ."

ಫೋನ್ ಹಿಡಿದುಕೊಂಡೇ ಸಾಹೇಬ ಪರೀಕ್ಷೆ ಮೇಡಂ ಮೇಜಿಗೆ ಹೋದ. "ಮೇಡಂ, ನಿಮ್ಮ ಪರದೆ ಮೇಲೆ ಎಚ್ಚರ, ಎಚ್ಚರ ಅಂತ ಬರ್ತಿದೆಯಲ್ಲ, ಅದನ್ನ ಯಾರು ಹೇಳ್ತಿದಾರೆ?"

"ಚಿಪ್ಪೇ ಹೇಳುತ್ತೆ. ಸೆಕೆಂಡಿಗೊಂದು ಸಲ ಮಲಗಿದೀಯಾ ಅಂತ ಕೇಳೋ ಹಾಗೆ ಮಾಡಿಟ್ಟಿದೀನಿ. ಪಾಪ, ಒಂದು ಸಲಾನೂ ಉತ್ತರ ತಪ್ಪಿಸಿಲ್ಲ."

"ಮಲಗಿದವರು ಉತ್ತರ ಕೊಡ್ತಾರಾ ಮೇಡಂ?"

ಮೇಡಂ ಪರದೆ ನೋಡಿದರು, ಅವನನ್ನು ನೋಡಿದರು, ತಮ್ಮ ತಂತಿ ಕಿತ್ತರು. ಮ್ಯಾನೇಜರ ಕೋಣೆಯಲ್ಲಿ ಇಂಥದೇ ಇನ್ನೊಂದು ಪರದೆ ಸಿಕ್ಕಿತು. ಮೇಷ್ಟ್ರು ಯಾರಿಗೂ ಹೇಳದೆ ಮತ್ತೊಂದು ತಂತಿ ಸಿಕ್ಕಿಸಿಕೊಂಡಿದ್ದರು. ಎಲ್ಲ ಕಿತ್ತರೂ ಒಬ್ಬ ಉಳಿದಿದ್ದ. ಸೊನ್ನೆಯ ಲೆಕ್ಕ ತೆಗೆಯಲೆಂದು ಸಾಹೇಬನೇ ಇಟ್ಟಿದ್ದ ಕಾವಲು ಅದು. ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡು ಅದನ್ನೂ ತೆಗೆದ.

ಎರಡು ಗಂಟೆಗೆ ಹೊಸ ಬ್ಯಾಟರಿ ಹಾಕಿದರು. ಮೂವರನ್ನೂ ಕೂರಿಸಿಕೊಂಡು ಸಾಹೇಬ ತಿಳಿಸಿ ಹೇಳಿದ. "ಹತ್ತು ನಿಮಿಷಕ್ಕೊಮ್ಮೆ ಅದಾಗೇ ಏಳುತ್ತೆ, ಸೆನ್ಸರು ಓದುತ್ತೆ, ಮಲಗುತ್ತೆ. ಯಾರೂ ಕೇಳಬೇಡಿ."

"ಕೇಳಿದ್ರೆ ಏನಾಗುತ್ತೆ? ಉತ್ತರ ಕೊಟ್ಟು ಮತ್ತೆ ಮಲಗಲಿ," ಎಂದರು ಮ್ಯಾನೇಜರು.

"ಇಲ್ಲ ಸರ್. ಎದ್ದ ಚಿಪ್ಪನ್ನ ತಕ್ಷಣ ಮಲಗಿಸಬಾರದು. ಹಿಂದೇನೇ ಇನ್ನೊಂದು ಕೆಲಸ ಬಂದ್ರೆ ಮತ್ತೆ ಎಬ್ಬಿಸೋ ಖರ್ಚು ಜಾಸ್ತಿ. ಅದಕ್ಕೇ ಎದ್ದ ಮೇಲೆ ಎರಡು ಸೆಕೆಂಡು ಎಚ್ಚರವಾಗೇ ಇಟ್ಕೋತೀವಿ. ನೀವು ಸೆಕೆಂಡಿಗೊಂದು ಸಲ ಕೇಳಿದ್ರೆ ಅದು ಮಲಗೋದು ಯಾವಾಗ?"

ಮ್ಯಾನೇಜರು ಇದನ್ನು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಹಾಕಿದರು. "ಸರಿ. ಆದ್ರೆ ಈಗ ಮಲಗಿದೆ ಅಂತ ಹೇಗ್ರೀ ಗೊತ್ತಾಗೋದು?"

"ಗೊತ್ತಾಗಲ್ಲ ಸರ್. ಐದು ಗಂಟೆವರೆಗೂ ಸುಮ್ಮನಿರಬೇಕು."

ಆ ಮೂರು ಗಂಟೆ ಯಾರ ಕಾಲೂ ನೆಲದಲ್ಲಿ ನಿಲ್ಲಲಿಲ್ಲ. ಮೇಡಂ ಉಗುರು ಕಚ್ಚಿದರು. ಮೇಷ್ಟ್ರು ಪೆಟ್ಟಿಗೆಯ ಪಕ್ಕ ತುದಿಗಾಲಲ್ಲಿ ಓಡಾಡಿದರು, ಚಿಪ್ಪಿಗೆ ಕಿವಿಯಿದೆಯೇನೋ ಎಂಬಂತೆ. ಸಾಹೇಬನಂತೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಮುಕಿಕೊಂಡು ಕೂತಿದ್ದ.

ಐದಕ್ಕೆ ಗಿರಾಕಿಗಳ ಮುಂದೆ ನೋಡಿದರೆ ಬ್ಯಾಟರಿ ಇನ್ನೂ ನೂರಕ್ಕೆ ತೊಂಬತ್ತೇಳು. ಮ್ಯಾನೇಜರು ಅಲ್ಲಿಯೇ ರಜದ ಚೀಟಿಗೆ ಸಹಿ ಹಾಕಿದರು. ಸಾಹೇಬನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆರಕ್ಕೆ ಮನೆಗೆ ಬಂದವನು ಕಿಟಕಿಯ ಪರದೆ ಎಳೆದ, ಬೂಟನ್ನು ಒಂದೊಂದು ದಿಕ್ಕಿಗೆ ಎಸೆದ, ಹಾಸಿಗೆಗೆ ಬಿದ್ದ. ಫೋನನ್ನು ಮಾತ್ರ ಆಫ್ ಮಾಡುವಂತಿರಲಿಲ್ಲ. ಹನ್ನೊಂದು ದಿನದ ನಿದ್ದೆ ಒಟ್ಟಿಗೇ ಬಂದು ಕವಿಯಿತು.

ಆರೂಮುಕ್ಕಾಲಿಗೆ ಫೋನ್ ಹೊಡೆದುಕೊಂಡಿತು. ಹೆಂಡತಿ ತಲುಪಿರಬೇಕೆಂದು ಅವನು ಕಣ್ಣು ಮುಚ್ಚಿಕೊಂಡೇ ಎತ್ತಿದ.

"ಏನ್ರೀ, ಮಲಗಿದ್ರಾ?" ಮ್ಯಾನೇಜರ ಧ್ವನಿ ಬಹಳ ಅಕ್ಕರೆಯಿಂದ ಕೂಡಿತ್ತು.

"ಮಲಗಿದ್ದೆ ಸರ್."

"ಅಯ್ಯೋ, ಪಾಪ. ಕೆಲಸ ಏನೂ ಇರಲಿಲ್ಲ ಕಣ್ರೀ. ನಿದ್ದೆ ಬಂತೋ ಇಲ್ವೋ ಅಂತ ಕೇಳೋಣ ಅಂತ ಮಾಡಿದೆ ಅಷ್ಟೆ."

"ಬಂದಿತ್ತು ಸರ್. ಇಡ್ಲಾ?"

"ತಾಳಿ, ತಾಳಿ." ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. "ಎದ್ದವರನ್ನ ತಕ್ಷಣ ಮಲಗಿಸಬಾರದು, ಹಿಂದೇನೇ ಇನ್ನೊಂದು ಕೆಲಸ ಬರಬಹುದು, ಮತ್ತೆ ಎಬ್ಬಿಸೋ ಖರ್ಚು ಜಾಸ್ತಿ ಅಂತ ನೀವೇ ಹೇಳಿದ್ರಲ್ಲ. ನೋಡಿ, ಈಗ ನಾವು ಮಾತಾಡ್ತಿದ್ದ ಹಾಗೇ ಇಲ್ಲಿ ಗಿರಾಕಿಗಳು ಬೆಳಿಗ್ಗೆಗೆ ಇನ್ನೂ ನಾಲ್ಕು ಪೆಟ್ಟಿಗೆ ಬೇಕು ಅಂದ್ರು. ಹೇಗೂ ಎದ್ದಿದೀರಿ, ಬಂದ್ಬಿಡಿ."

ಫೋನಿನಲ್ಲಿ ಮ್ಯಾನೇಜರ ಹಿಂದಿನಿಂದ ಪರೀಕ್ಷೆ ಮೇಡಂ ಕೇಳುತ್ತಿದ್ದರು, "ಸರ್, ಓಡ್ಕೊಂಡು ಬರ್ತಾರಂತಾ, ನಡ್ಕೊಂಡು ಬರ್ತಾರಂತಾ?"

ಅವನು ದೀಪ ಹಾಕಿ, ಮಂಚದ ಕೆಳಗೆ ಬಗ್ಗಿ ಎರಡನೇ ಬೂಟು ಹುಡುಕತೊಡಗಿದ.