ಬಾಟಲಿಗೆ ಬಾಯಿ ತೆರೆಯದ ಮಗಳು

ನಗೆಪಾಟಲಿನ ಸಂಗತಿಗಳು ನಮ್ಮ ಮನೆಗೆ ಒಂಟಿಯಾಗಿ ಬಂದದ್ದೇ ಇಲ್ಲ. ಒಂದು ಹೊಸ್ತಿಲು ದಾಟುವ ಮೊದಲು ಇನ್ನೊಂದು ಜಗಲಿಯಲ್ಲಿ ಬಂದು ಕೂತಿರುತ್ತದೆ.

ಐವತ್ತರ ದಶಕದ ಕೊನೆಗೆ ನಾನು ಬಂಟ್ವಾಳದ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೆಲಸ ಖಾಯಂ ಆಗಿರಲಿಲ್ಲ. ಹೆರಿಗೆ ರಜೆ ಮುಗಿದ ಸೋಮವಾರ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರು ಎಂದು ಹೆಡ್ಮಾಸ್ಟರು ಹೇಳಿಬಿಟ್ಟಿದ್ದರು. ಹೆದರಿಕೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಮಗಳಿಗೆ ಅದರ ಗೊಡವೆಯೇ ಇಲ್ಲ. ಮೂರು ತಿಂಗಳ ಕೂಸು, ಎದೆಹಾಲು ಬಿಟ್ಟು ಬೇರೇನಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ನಲವತ್ತು ಮಕ್ಕಳನ್ನು ಕಣ್ಸನ್ನೆಯಲ್ಲಿ ಕೂರಿಸುತ್ತಿದ್ದ ನನ್ನನ್ನು ಹಲ್ಲಿಲ್ಲದ ಇವಳೊಬ್ಬಳು ಕುಣಿಸಿಬಿಟ್ಟಳು.

೧. ಎರಡು ರಬ್ಬರು

ನಮ್ಮವರು ಮಂಗಳೂರಿಗೆ ಹೋಗಿ ಗಾಜಿನ ಬಾಟಲಿ ತಂದರು. ಆಗಿನದ್ದು ದೋಣಿಯ ಹಾಗೆ, ಎರಡು ತುದಿಗೂ ಬಾಯಿ. ಒಂದು ತುದಿಯ ರಬ್ಬರು ಮಗು ಚೀಪುವುದಕ್ಕೆ, ಇನ್ನೊಂದು ಗಾಳಿಗೆ. ನಮ್ಮ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನಮಗೆ ಇರುವುದು ಒಂದೇ ಮಗುವಲ್ಲವಾ ಎಂದು ಒಂದು ರಬ್ಬರನ್ನು ಕಿತ್ತು, ಮುಂದಿನ ಬಾಣಂತನಕ್ಕೆ ಇರಲಿ ಎಂದು ಪೆಟ್ಟಿಗೆಯಲ್ಲಿ ಇಟ್ಟರು. ನಮ್ಮವರು ಮಗುವನ್ನು ಮಡಿಲಲ್ಲಿಟ್ಟು ಬಾಟಲಿ ಎತ್ತಿದ್ದೇ ತಡ, ಹಿಂದಿನ ಬಾಯಿಯಿಂದ ಹಾಲೆಲ್ಲ ಹೊಸ ಪಂಚೆಯ ಮೇಲೆ. ಮನೆಯಲ್ಲಿ ಆ ದಿನ ಬಾಟಲಿ ಹಾಲು ಕುಡಿದದ್ದು ಪಂಚೆ ಒಂದೇ.

೨. ಬಂಗುಡೆ

ರಬ್ಬರನ್ನು ಕುದಿಸಿ ಕೊಡಬೇಕು ಎಂದು ನರ್ಸಮ್ಮ ಹೇಳಿದ್ದರು. ಯಾವ ಪಾತ್ರೆಯಲ್ಲಿ ಎಂದು ಹೇಳಿರಲಿಲ್ಲ. ಅತ್ತೆ ಬಂಗುಡೆ ಪದಾರ್ಥ ಮಾಡುವ ಮಣ್ಣಿನ ಪಾತ್ರೆಯಲ್ಲೇ ಕುದಿಸಿದರು. ಆ ಪಾತ್ರೆ ತೊಳೆದರೂ ಮೀನಿನ ವಾಸನೆ ಬಿಡುವಂಥದ್ದಲ್ಲ. ಮಗಳು ಮೂಗು ಸೊಟ್ಟ ಮಾಡಿ ಅತ್ತದ್ದು ನೆರೆಮನೆಗೂ ಕೇಳಿಸಿತು. ಬಾಟಲಿ ಕೆಳಗಿಟ್ಟು ಅವಳನ್ನು ಸಮಾಧಾನ ಮಾಡಿ ತಿರುಗಿ ನೋಡಿದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ರಬ್ಬರು ಚೀಪುತ್ತಾ ಉಂಟು. ಅಂತೂ ಒಬ್ಬರಾದರೂ ಕಲಿತರಲ್ಲ ಎಂದರು ಅತ್ತೆ.

೩. ಸೀರೆ

ಮಗುವಿಗೆ ತಾಯಿಯ ವಾಸನೆ ಬೇಕು, ಅವಳ ಸೀರೆ ಸುತ್ತಿಕೊಂಡು ಬೇರೆಯವರು ಕೊಟ್ಟರೆ ಕುಡಿಯುತ್ತದೆ ಎಂದು ಯಾರೋ ಹೇಳಿದರು. ಶನಿವಾರ ನಮ್ಮವರು ನನ್ನ ಸೀರೆ ಸುತ್ತಿ, ತಲೆಗೆ ಸೆರಗು ಹೊದ್ದು ಜಗಲಿಯಲ್ಲಿ ಕೂತರು. ಮಡಿಲಲ್ಲಿ ಮಲಗಿಸಿದ ಮಗಳು ಮೇಲೆ ನೋಡಿ ಮೀಸೆ ಕಂಡು ಕಿರುಚಿದಳು. ಅದೇ ಹೊತ್ತಿಗೆ ಅಂಗಳಕ್ಕೆ ಹೆಡ್ಮಾಸ್ಟರು ಬರಬೇಕೆ! ನಮ್ಮವರಿಗೆ ಏಳಲಿಕ್ಕೂ ಆಗದು, ಕೂರಲಿಕ್ಕೂ ಆಗದು. ನಾನು ಒಳಗಿನಿಂದ ಓಡಿ ಬಂದೆ. ಹೆಡ್ಮಾಸ್ಟರು ಅವರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಗಂಭೀರವಾಗಿ ಹೇಳಿದರು:

"ಸೋಮವಾರ ತಪ್ಪಿಸ್ಬೇಡಿ ಟೀಚರ್. ಸಂಬಳ ಬಂದ ಮೇಲೆ ಇವರಿಗೊಂದು ಪಂಚೆ ತೆಗೆದುಕೊಡಿ."

೪. ಸೋಮವಾರ

ಮಗಳಿಗೆ ಬೆಳಿಗ್ಗೆ ಹೊಟ್ಟೆ ತುಂಬಿಸಿ, ಅಳುತ್ತಲೇ ಶಾಲೆಗೆ ಹೋದೆ. ಪಾಠ ಏನು ಮಾಡಿದೆನೋ ದೇವರಿಗೇ ಗೊತ್ತು. ಮಧ್ಯಾಹ್ನದ ಗಂಟೆ ಹೊಡೆದದ್ದೇ, ಒದ್ದೆಯಾದ ರವಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಓಡಿದೆ. ಅಂಗಳದಲ್ಲಿ ಅಳು ಕೇಳಿಸಲಿಲ್ಲ. ಅತ್ತು ಅತ್ತು ದನಿಯೇ ಹೋಯಿತೇನೋ ಎಂದು ಚಪ್ಪಲಿ ಬಿಡದೆ ಜಗಲಿ ಹತ್ತಿದೆ.

ಜಗಲಿಯಲ್ಲಿ ಬೀಡಿ ಕಟ್ಟುವ ನೆರೆಮನೆಯ ಅಕ್ಕ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಎಲೆ ತುಂಬಿದ ಮೊರ. ಚಾಚಿದ ಕಾಲಿನ ಮೇಲೆ ಮಗಳು, ಬಾಯಿ ತುಂಬ ಹಾಲಿನ ವಾಸನೆ, ಗಾಢ ನಿದ್ರೆ. ಬಾಟಲಿ ಖಾಲಿ.

ಹೇಗೆ ಕುಡಿಸಿದಿರಿ ಎಂದು ಕೇಳಿದೆ. ಅತ್ತೆ ನಾಲ್ಕು ಸಲ ಸೋತು ಮಗುವನ್ನು ಅವರಿಗೆ ಕೊಟ್ಟಿದ್ದರಂತೆ. ಸಂಜೆಯೊಳಗೆ ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಮುಟ್ಟಿಸಬೇಕಾದ ಅಕ್ಕ, ಒಂದು ಕೈಯಲ್ಲಿ ಬಾಟಲಿ ಹಿಡಿದು, ಇನ್ನೊಂದರಲ್ಲಿ ಎಲೆ ಆರಿಸುತ್ತಾ, ಹಾಳು ಎಲೆ ಕೊಟ್ಟಿದ್ದಾರೆಂದು ಬ್ರಾಂಚಿನವರನ್ನು ಬೈಯುತ್ತಾ ಕೂತರಂತೆ. ಯಾರೂ ಚಿನ್ನ, ರನ್ನ ಎಂದು ಗೋಗರೆಯದಿದ್ದಾಗ ಮಗಳೇ ರಬ್ಬರಿಗೆ ಬಾಯಿ ಹಾಕಿದಳು.

ನನ್ನ ಕೆಲಸ ಉಳಿಯಿತು. ಅಲ್ಲೇ ಕೂತು, ನಕ್ಕು, ಒಂದಿಷ್ಟು ಅತ್ತುಬಿಟ್ಟೆ. ಆದರೆ ಎದೆ ಕಲ್ಲಾಗಿ ನೋಯುತ್ತಿತ್ತು. ಮಗಳನ್ನು ಎಬ್ಬಿಸಿ ಹಾಲು ಕೊಡಲು ಹೋದೆ. ಬಾಯಿ ಬಿಗಿಹಿಡಿದು ಮುಖ ಆಚೆ ತಿರುಗಿಸಿದಳು. ಮುದ್ದು ಮಾಡಿದೆ, ಲಾಲಿ ಹಾಡಿದೆ, ಬೇಡಿಕೊಂಡೆ. ಊಹೂಂ.

ಅಕ್ಕ ಎಲೆಯಿಂದ ಕಣ್ಣೆತ್ತದೆ ಕೇಳಿದರು: "ಇದನ್ನು ಕಲಿಸ್ಲಿಕ್ಕೆ ಇನ್ನೊಂದು ತಿಂಗಳು ರಜೆ ಹಾಕ್ತೀರಾ ಟೀಚರ್?"