ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಬಿದ್ದ ಅರಗಿನ ಮುದ್ರೆ

ಎತ್ತಿನಬಾವಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ, ಮೇ ತಿಂಗಳ ಮೊದಲನೆಯ ಸೋಮವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಮೇಘಾಂಕ ಎಂಬ ದೇವರು ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ಅನಿಶ್ಚಿತವಾಯಿತು. ಸದರಿ ವೇಳೆಯಲ್ಲಿ ನಾನು ಸ್ಥಳದಲ್ಲಿ ಹಾಜರಿದ್ದೆ. ನನ್ನ ಹೆಸರು ಯಂಕೋಬ, ಪಂಚಾಯಿತಿಯ ಬಿಲ್ ಕಲೆಕ್ಟರ್. ಹತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಇನ್ನೂರಕ್ಕೂ ಹೆಚ್ಚು ಪಂಚನಾಮೆಗಳಿಗೆ ಸಹಿ ಹಾಕಿದ್ದೇನೆ, ಒಂದನ್ನೂ ಓದಿಲ್ಲ. ಆದ್ದರಿಂದ ನನ್ನ ಮಾತನ್ನು ನಂಬಬಹುದು.

ಮೇಘಾಂಕ ನಮ್ಮ ಊರಿನ ದೇವರಲ್ಲ. 'ಏಳು ಕೋಟೆಯ ದೇವರು' ಎಂಬ ಆರುನೂರು ಪುಟಗಳ ಕಾದಂಬರಿಯಲ್ಲಿ ಬರುವ ಮಳೆಯ ದೇವರು. ಪಂಚಾಯಿತಿ ಲೈಬ್ರರಿಗೆ ಬಂದ ಪುಸ್ತಕಗಳ ಗಂಟಿನಲ್ಲಿ ಅದು ಬಂದಿತ್ತು, ದಾಸ್ತಾನು ವಹಿಯಲ್ಲಿ ನಾನೂರ ಹನ್ನೆರಡನೆಯ ನಂಬರು. ಲೈಬ್ರರಿ ನೋಡಿಕೊಳ್ಳುವ ಗೀತಾ ಸಂಜೆ ಹೊತ್ತು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೊದಲು ನಾಲ್ಕು ಮಂದಿ ಹೆಂಗಸರು ಬಂದರು, ಆಮೇಲೆ ನಲವತ್ತು, ಆಮೇಲೆ ಗಂಡಸರೂ ಬಂದು ಕಿಟಕಿಯ ಹೊರಗೆ ನಿಂತರು. ಒಂದು ದಿನ ಕೇಳುವವರ ಒತ್ತಾಯಕ್ಕೆ ಮೂರು ಅಧ್ಯಾಯ ಓದಿದ್ದರಿಂದ ಹನ್ನೊಂದು ಮನೆಗಳಲ್ಲಿ ರೊಟ್ಟಿ ಆಗಲಿಲ್ಲ. ಮರುದಿನವೇ ಪಂಚಾಯಿತಿ ಸಭೆ ಸೇರಿ, ದಿನಕ್ಕೆ ಒಂದೇ ಅಧ್ಯಾಯ ಎಂದು ಠರಾವು ಮಾಡಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಮಠದಲ್ಲಿ ಪುರಾಣ ಓದಲು ಹಚ್ಚಿದಾಗ, ಮಹಾತ್ಮರು ಹುಟ್ಟುವ ದಿನ ತೊಟ್ಟಿಲು ಕಟ್ಟುತ್ತೇವೆ, ಮದುವೆಯ ದಿನ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತೇವೆ. ಇದು ಪುರಾಣ ಅಲ್ಲ, ಕಾದಂಬರಿ ಎಂದು ಗೀತಾ ಎರಡು ಸಲ ಹೇಳಿದಳು. ದೇವರು ಬಂದ ಮೇಲೆ ಅದು ಪುರಾಣವೇ ಎಂದು ಊರು ಹೇಳಿತು. ಹೀಗಾಗಿ ನಾಲ್ಕನೆಯ ಅಧ್ಯಾಯದಲ್ಲಿ ಮೇಘಾಂಕ ಹುಟ್ಟಿದಾಗ ಲೈಬ್ರರಿಯಲ್ಲಿ ತೊಟ್ಟಿಲು ಕಟ್ಟಿ, ಅದರಲ್ಲಿ ಗುಂಡುಕಲ್ಲು ಮಲಗಿಸಲಾಯಿತು. ಹೆಸರಿಡಲು ಸೋದರತ್ತೆ ಬೇಕಲ್ಲ? ಗೀತಾಳ ಅತ್ತೆ, ಅಂದರೆ ಅವಳ ಅಪ್ಪನ ಅಕ್ಕ ಗಾಳೆಮ್ಮ ಮುಂದೆ ಬಂದಳು. ಮಕ್ಕಳಿಲ್ಲದ ವಿಧವೆ, ತಾಯಿಯಿಲ್ಲದ ಗೀತಾಳನ್ನು ಸಾಕಿದವಳು. ಗುಂಡುಕಲ್ಲಿನ ಕಿವಿ ಇರಬಹುದಾದ ಕಡೆ ಬಾಯಿಟ್ಟು ಹೆಸರು ಹೇಳಿದಳು, ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಗುಗ್ಗರಿ ಹಂಚಿದರು. ನಾನೂ ಎರಡು ಸಲ ಇಸಿದುಕೊಂಡೆ.

ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಮೇಘಾಂಕನ ಸ್ವಂತ ಅಣ್ಣನೇ ಅವನ ಬೆನ್ನಿಗೆ ವಿಷದ ಭರ್ಜಿ ಎಸೆದನು. ಮೇಘಾಂಕ ಸೇತುವೆಯ ಮೇಲೆ ಬಿದ್ದನು. ತಂಗಿ ದೇವತೆ ಓಡಿ ಬಂದು, ಅವನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. 'ಅವಳ ಮುಖ ಬಿಳಿಚಿಕೊಂಡಿತು' ಎಂಬಲ್ಲಿಗೆ ಅಧ್ಯಾಯ ಮುಗಿಯಿತು. ಉಸಿರು ಇತ್ತೇ ಇಲ್ಲವೇ ಎಂಬುದನ್ನು ಲೇಖಕರು ಬರೆದಿರಲಿಲ್ಲ. ಗಾಳೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಮುಂದಿನ ಪುಟದಲ್ಲಿ ಎಲ್ಲ ಇತ್ತು, ಆದರೆ ಠರಾವಿನ ಪ್ರಕಾರ ಪುಟ ತಿರುಗಿಸುವುದು ನಾಳೆಯ ಕೆಲಸವಾಗಿತ್ತು.

ನಾಳೆ ಬರುವ ಮೊದಲೇ ಪಂಚಾಯಿತಿ ಸದಸ್ಯರಾದ ದೇವೇಂದ್ರಪ್ಪನವರ ತಕರಾರು ಅರ್ಜಿ ಬಂತು. ಗೀತಾಳ ಮದುವೆ ಹದಿನೈದು ದಿನಕ್ಕೆ ಸಮುದಾಯ ಭವನದಲ್ಲಿ ನಿಶ್ಚಯವಾಗಿತ್ತು. ದೇವರು ತೀರಿಕೊಂಡಿದ್ದರೆ ಹೆಸರಿಟ್ಟ ಸೋದರತ್ತೆಯ ಮನೆಗೆ ಸೂತಕ ಬರುತ್ತದೆ, ಸೂತಕದ ಮನೆಯವರಿಗೆ ಭವನ ಕೊಡುವುದು ಸಾರ್ವಜನಿಕ ಹಿತಾಸಕ್ತಿಗೆ ವಿರುದ್ಧ ಎಂದು ಅವರು ಬರೆದಿದ್ದರು. ಭವನದ ತುಂಬ ಅವರದೇ ಮುನ್ನೂರು ಚೀಲ ಮೆಕ್ಕೆಜೋಳ ಇದ್ದದ್ದು ಆಕಸ್ಮಿಕ. ಅವರ ಹೃದಯ ಸೂತಕದ ವಿಷಯದಲ್ಲಿ ಮೊದಲಿನಿಂದಲೂ ಮೃದು.

ನಮ್ಮ ಪಿಡಿಓ ಸುಭಾಷ್ ಸಾಹೇಬರು ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು, ಯಾವ ಕಾಗದ ಕಂಡರೂ ಹೆದರುತ್ತಿದ್ದರು. ಸಭೆಯಲ್ಲಿ ಗೀತಾ ಎದ್ದು ನಿಂತು, ತಾನು ಪುಸ್ತಕವನ್ನು ಪೂರ್ತಿ ಓದಿರುವುದಾಗಿಯೂ, ದೇವರು ಬದುಕಿರುವುದಾಗಿಯೂ ತಿಳಿಸಿದಳು. ಸಾಹೇಬರು ಕೇಳಿಕೊಂಡರು. ಆದರೆ ಸಾಕ್ಷಿ ಹೇಳುವವಳೇ ಮದುಮಗಳಾದ್ದರಿಂದ ಅದು ಸ್ವಹಿತಾಸಕ್ತಿಯ ಹೇಳಿಕೆ ಎಂದು ದೇವೇಂದ್ರಪ್ಪನವರು ಆಕ್ಷೇಪಿಸಿದರು. ಆಗ ಗೀತಾ, ಹಾಗಾದರೆ ಪುಟ ತಿರುಗಿಸಿ ನೀವೇ ಓದಿಕೊಳ್ಳಿ ಎಂದಳು. ವಿಚಾರಣೆ ಬಾಕಿ ಇರುವಾಗ ಸಾಕ್ಷ್ಯವನ್ನು ಮುಟ್ಟುವಂತಿಲ್ಲ ಎಂದು ಸಾಹೇಬರಿಗೆ ನೆನಪಾಯಿತು. ಪುಸ್ತಕವನ್ನು ಇನ್ನೂರ ಎಪ್ಪತ್ತನೆಯ ಪುಟದಲ್ಲಿ ದಾರ ಕಟ್ಟಿ, ಅರಗು ಹಾಕಿ, ಕಪಾಟಿನಲ್ಲಿ ಇಡಲಾಯಿತು. ಪಂಚನಾಮೆಗೆ ಪಂಚರು ಬೇಕಾದಾಗ ಹೆಬ್ಬಾಗಿಲಲ್ಲಿ ನಿಂತಿದ್ದ ಜಿಲಾನಸಾಬ ಎಂಬವನು ಮತ್ತು ನಾನು ಸಹಿ ಹಾಕಿದೆವು.

ಆಮೇಲೆ ಪತ್ರ ವ್ಯವಹಾರ ನಡೆಯಿತು. ಸಾವನ್ನು ಖಚಿತಪಡಿಸಬೇಕಾದವರು ವೈದ್ಯರು ಎಂದು ಆಸ್ಪತ್ರೆಗೆ ಬರೆದೆವು. ಡಾಕ್ಟರ್ ಸುರೇಖಾ ಅವರು ನಾಡಿ ಹಿಡಿಯದೆ ಹೇಳಲು ಬರುವುದಿಲ್ಲ, ಸದರಿಯವರನ್ನು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ಕರೆತರುವುದು ಎಂದು ಉತ್ತರಿಸಿದರು. ಮೇಲಿನ ಕಚೇರಿಯವರು, ದೇವರು ಪಿಂಚಣಿದಾರರಾಗಿದ್ದಲ್ಲಿ ಖುದ್ದು ಹಾಜರಾಗಿ ಹೆಬ್ಬೆಟ್ಟು ಒತ್ತಿ ಜೀವಂತ ಪ್ರಮಾಣಪತ್ರ ಪಡೆಯಬಹುದು, ಪಿಂಚಣಿದಾರರಲ್ಲದಿದ್ದಲ್ಲಿ ಅವರು ಬದುಕಿರುವ ಬಗ್ಗೆ ಈ ಕಚೇರಿಗೆ ಆಸಕ್ತಿ ಇರುವುದಿಲ್ಲ ಎಂದು ಬರೆದರು. ಎರಡೂ ಪತ್ರಗಳನ್ನು ಕಡತಕ್ಕೆ ಸೇರಿಸಿದೆ.

ಮದುಮಗ ಕಾಶಿನಾಥ ತಾವರಗೇರಾದವನು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕೊಪ್ಪಳಕ್ಕೆ ಹೋದಾಗ ಅದೇ ಕಾದಂಬರಿಯ ಇನ್ನೊಂದು ಪ್ರತಿ ಕೊಂಡು, ಟಿಕೆಟ್ ಮಷಿನ್ನಿನ ಚೀಲದಲ್ಲಿ ಇಟ್ಟುಕೊಂಡು ಪಂಚಾಯಿತಿಗೆ ಬಂದ. ಇಪ್ಪತ್ತೆರಡನೆಯ ಅಧ್ಯಾಯ ತೆಗೆದು ಮೇಜಿನ ಮೇಲಿಟ್ಟ. ಸಾಹೇಬರು ಕಣ್ಣು ಮುಚ್ಚಿಕೊಂಡರು.

"ಇದು ನಮ್ಮ ದಾಸ್ತಾನಿನ ಪುಸ್ತಕ ಅಲ್ರಿ. ನಮ್ಮ ವಿಚಾರಣಿ ಇರೂದು ನಾನೂರ ಹನ್ನೆರಡನೇ ನಂಬರಿನ ದೇವರ ಮ್ಯಾಲ. ನಿಮ್ಮ ಪುಸ್ತಕದಾಗಿನ ದೇವರು ಬದುಕಿದ್ರ ನಮಗೂ ಸಂತೋಷನ" ಎಂದರು.

ಕಾಶಿನಾಥ ಒಳ್ಳೆಯ ಹುಡುಗ. ಪುಸ್ತಕ ಮುಚ್ಚಿ, ಬಸ್ಸು ಬಿಡುವ ಹೊತ್ತಾಯಿತೆಂದು ಹೋದ. ಆದರೆ ಅವನ ಮನೆಯ ಹಿರಿಯರು ಅಷ್ಟು ಒಳ್ಳೆಯವರಲ್ಲ. ಸೂತಕ ಇದೆಯೋ ಇಲ್ಲವೋ ಒಂದನ್ನು ಹೇಳಿ, ಎರಡರ ನಡುವಿನ ಮನೆಯಿಂದ ಹೆಣ್ಣು ತರಲು ನಮಗೆ ಆಗುವುದಿಲ್ಲ, ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಗೀತಾಳಿಗೆ ಮೂವತ್ತೊಂದು ವರ್ಷ. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಕಾಶಿನಾಥನನ್ನು ಅವಳು ಮೆಚ್ಚಿಕೊಂಡಿದ್ದಳು, ಅವನ ಬಸ್ಸಿನ ಹಾರ್ನ್ ಕೇಳಿದರೆ ಓದುತ್ತಿದ್ದ ಸಾಲು ತಪ್ಪುತ್ತಿದ್ದಳು. ಆ ವಾರ ಅವಳು ಲೈಬ್ರರಿಯಲ್ಲಿ ಸುಮ್ಮನೆ ಕುಳಿತಿರುವುದನ್ನು ನೋಡಿ ನನಗೆ ಕೆಟ್ಟದ್ದೆನಿಸಿತು. ಅದನ್ನು ಬರೆಯಲು ಕಡತದಲ್ಲಿ ಕಾಲಂ ಇಲ್ಲ.

ಹತ್ತನೆಯ ದಿನ ದಾರಿ ತೋರಿಸಿದವರು ದೇವೇಂದ್ರಪ್ಪನವರೇ. ಮೆಕ್ಕೆಜೋಳದ ರೇಟು ಏರಿತ್ತು, ಹನ್ನೆರಡನೆಯ ದಿನ ಲಾರಿ ಬರುವುದಿತ್ತು.

"ನೋಡ್ರಿ, ಬದುಕ್ಯಾನ ಅಂತ ತೋರ್ಸಾಕ ದೇವರ ಬರಬೇಕು. ಸತ್ತಾನ ಅನ್ನಾಕ ಒಂದು ಅರ್ಜಿ ಸಾಕು. ಸೋಮವಾರನ ಸತ್ತಾನ ಅಂತ ಬರೀರಿ. ನಾಳಿಗೆ ಹನ್ನೊಂದು ದಿನ ಮುಗೀತೈತಿ, ಸೂತಕ ಹೋತು. ಮದಿವಿ ಮಾಡ್ರಿ, ನಾನೂ ಊಟಕ್ಕ ಬರ್ತೀನಿ" ಎಂದರು.

ಸಾಹೇಬರ ಮುಖ ಬೆಳಗಿತು. ಅರ್ಜಿಯನ್ನು ಮನೆಯವರೇ ಕೊಡಬೇಕಾಗಿತ್ತು. ದೇವರು ಬದುಕಿದ್ದಾನೆ ಎಂಬ ಗೀತಾಳ ಹೇಳಿಕೆಯನ್ನು ತಿರಸ್ಕರಿಸಿದ ಸಭೆಯೇ, ದೇವರು ಸತ್ತಿದ್ದಾನೆ ಎಂಬ ಗೀತಾಳ ಹೇಳಿಕೆಯನ್ನು ಯಾವ ತಕರಾರೂ ಇಲ್ಲದೆ ಸ್ವೀಕರಿಸುವುದಾಗಿ ತಿಳಿಸಿತು. ನಾನು ನಮೂನೆ ತೆಗೆದುಕೊಂಡು ಅವರ ಮನೆಗೆ ಹೋದೆ. ಗೀತಾ ಓದಿದಳು, ಪೆನ್ನು ಹಿಡಿದಳು, ಅತ್ತೆಯ ಕಡೆ ನೋಡಿದಳು.

"ಅತ್ತಿ, ಅಂವ ಬದುಕ್ಯಾನ. ನಾ ಓದೀನಿ. ಬರೀ ಕಾಗದದಾಗ ಸಾಯ್ತಾನ, ಅಷ್ಟ."

ಗಾಳೆಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಕಾಗದ ಬಿಟ್ಟು ಅಂವ ಇನ್ನೆಲ್ಲಿ ಅದಾನವಾ?" ಎಂದಳು.

ಗೀತಾ ಪೆನ್ನು ಕೆಳಗಿಟ್ಟಳು. ಕೊನೆಗೆ ಗಾಳೆಮ್ಮನೇ ಮೊರ ಎತ್ತಿಕೊಂಡು, ಹಾಕವ್ವಾ ಸಹಿ, ನಿನ್ನ ಬಾಳೇ ದೊಡ್ಡದು ಎಂದಳು. ಗೀತಾ ಸಹಿ ಹಾಕಿದಳು. 'ತಾ' ಸ್ವಲ್ಪ ಗೆರೆಯ ಹೊರಗೆ ಹೋಯಿತು, ನಾನು ನಡೆಯುತ್ತದೆ ಎಂದೆ.

ಸಾವಿನ ಕಾರಣ ಎಂಬ ಕಾಲಂನಲ್ಲಿ 'ಕೌಟುಂಬಿಕ ಕಲಹ' ಎಂದು ಬರೆಯಲಾಯಿತು. ವಯಸ್ಸು ಒಂಬತ್ತು ಸಾವಿರ ವರ್ಷ ಎಂದಿದ್ದನ್ನು ಕಂಪ್ಯೂಟರ್ ಒಪ್ಪದ ಕಾರಣ ತೊಂಬತ್ತು ಎಂದು ತಿದ್ದಿದೆವು. ಸೂತಕ ಹಿಂದಿನ ತಾರೀಖಿನಿಂದ ಜಾರಿಗೆ ಬಂದದ್ದರಿಂದ ಒಂದು ತೊಡಕಾಯಿತು. ಕಳೆದ ಹತ್ತು ದಿನಗಳಲ್ಲಿ ಊರಿನ ಕೆಲವರು ಸೂತಕದ ಮನೆಯ ಸಂಬಂಧಿಕರಾಗಿದ್ದೂ ಹೋಳಿಗೆ ತಿಂದಿದ್ದರು, ಅವರಿಂದ ತಪ್ಪೊಪ್ಪಿಗೆ ಬರೆಸಿಕೊಂಡೆವು. ಹನ್ನೊಂದನೆಯ ದಿನ ತೊಟ್ಟಿಲಲ್ಲಿ ಮಲಗಿದ್ದ ಗುಂಡುಕಲ್ಲನ್ನು ಹಳ್ಳದ ದಂಡೆಗೆ ಒಯ್ದು ಮಣ್ಣು ಮಾಡಿದರು. ಹನ್ನೆರಡನೆಯ ದಿನ ಲಾರಿ ಬಂತು. ಹದಿನೈದನೆಯ ದಿನ ಖಾಲಿಯಾದ ಭವನದಲ್ಲಿ ಮದುವೆ ಆಯಿತು. ಊಟ ಛಲೋ ಇತ್ತು.

ವಿಚಾರಣೆ ಮುಗಿದಿದ್ದರಿಂದ ಪುಸ್ತಕದ ಅರಗು ಒಡೆಯಲಾಯಿತು. ಗೀತಾ ಈಗ ದಿನವೂ ತಾವರಗೇರಾದಿಂದ ಗಂಡನ ಬಸ್ಸಿನಲ್ಲಿಯೇ ಕೆಲಸಕ್ಕೆ ಬರುತ್ತಾಳೆ. ಅರಗು ಒಡೆದ ದಿನ ಸಂಜೆ ಊರೆಲ್ಲ ಸೇರಿತು. ಅವಳು ಇಪ್ಪತ್ತೆರಡನೆಯ ಅಧ್ಯಾಯ ತೆರೆದು, ಮೊದಲ ಸಾಲು ಓದಿದಳು. ಮೇಘಾಂಕ ಕಣ್ಣು ತೆರೆದನು ಎಂದಿತ್ತು.

ಕಿಟಕಿಯ ಹೊರಗಿನವರು ಒಳಗೆ ಕತ್ತು ಚಾಚಿದರು. ಸಾಹೇಬರು ಎದ್ದು, ಮರಣ ನೋಂದಣಿ ಆಗಿದೆ, ರದ್ದು ಮಾಡಬೇಕಾದರೆ ಮೃತರೇ ಬಂದು ಅರ್ಜಿ ಕೊಡಬೇಕು ಎಂದು ವಿವರಿಸಿದರು. ರದ್ದಾದರೆ ಸೂತಕ ಸುಳ್ಳಾಗುತ್ತದೆ, ಭವನ ಕೊಟ್ಟದ್ದೂ ತಪ್ಪಾಗುತ್ತದೆ, ಮದುವೆಯ ಕಡತವನ್ನು ಮತ್ತೆ ತೆರೆಯಬೇಕಾಗುತ್ತದೆ ಎಂದೂ ಹೇಳಿದರು. ಗೀತಾಳ ಕೈ ತಾನಾಗಿಯೇ ಕೊರಳ ತಾಳಿಯ ಮೇಲೆ ಹೋಯಿತು. ಅಲ್ಲಿಯೇ ಸಭೆ ಸೇರಿ ಒಮ್ಮತದಿಂದ ಠರಾವು ಆಯಿತು. ಇನ್ನು ಮುಂದೆ ಕಾದಂಬರಿಯಲ್ಲಿ ಬರುವವನು ಅದೇ ಹೆಸರಿನ ಬೇರೊಬ್ಬ. ಗೊಂದಲವಾಗದಂತೆ, ಮೂಲ ಮೇಘಾಂಕನ ಗೌರವಾರ್ಥ, ಹೆಸರು ಬಂದಲ್ಲೆಲ್ಲ 'ದಿವಂಗತ' ಎಂದು ಸೇರಿಸಿ ಓದತಕ್ಕದ್ದು.

ಗೀತಾ ಪುಸ್ತಕವನ್ನು ಮತ್ತೆ ಎತ್ತಿಕೊಂಡಳು. ದಿವಂಗತ ಮೇಘಾಂಕನು ಕಣ್ಣು ತೆರೆದನು. ದಿವಂಗತ ಮೇಘಾಂಕನು ಎದ್ದು ಕುಳಿತು, ನನ್ನವರು ಯಾರಾದರೂ ಇದ್ದೀರಾ ಎಂದು ಕೇಳಿದನು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರ ಮಗಾ ಇಂವ?" ಎಂದು ಗಾಳೆಮ್ಮ ಕೇಳಿದಳು.

ಯಾರೋ ಬೇರೆಯವನು, ನಮಗೂ ಅವನಿಗೂ ಸಂಬಂಧವಿಲ್ಲ ಎಂದು ಪಕ್ಕದವರು ಸಮಾಧಾನ ಹೇಳಿದರು. ಗಾಳೆಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಇನ್ನಷ್ಟು ಕೇಳಿದಳು.

"ಇರಲಿ ಬಿಡ್ರಿ. ಆದ್ರೂ ನಮ್ಮ ಹುಡುಗನ ಹಂಗ ಮಾತಾಡ್ತಾನ, ಪಾಪ" ಎಂದಳು.

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಅದನ್ನು ನಡಾವಳಿಯಲ್ಲಿ ಬರೆದುಕೊಂಡು, ಕೆಳಗೆ ಸಹಿ ಹಾಕಿದೆ.